ಚಿಲುಮೆ ಬಿಟ್ಟವನು

ಚಿಲುಮೆ ಹದ್ದೂವಿನ ಕೈಗೆ ಬಂತು. ಅವನು ಸೇದಲಿಲ್ಲ. ತುದಿಯನ್ನು ಅಂಗಿಗೆ ಒರೆಸಿ ಪಕ್ಕದವನಿಗೆ ದಾಟಿಸಿದ. ಕೋಣೆಯಲ್ಲಿದ್ದ ಮಾತು ಅಲ್ಲಿಗೇ ನಿಂತಿತು. ಊರಿಗೆ ಊರೇ ಕಿಫ್, ಅಂದರೆ ಗಾಂಜಾ, ಬೆಳೆದು ಉಣ್ಣುವ ಕೆತಾಮಾದ ಬೆಟ್ಟದಲ್ಲಿ ಚಿಲುಮೆ ಬೇಡ ಅನ್ನುವ ಗಂಡಸನ್ನು ಯಾರೂ ಕಂಡಿರಲಿಲ್ಲ. ಅದೂ ತನ್ನದೇ ಮನೆಯಲ್ಲಿ ಒಣಗಿದ ಗಿಡ ಬಡಿದು ಹೊಸ ಪುಡಿ ಇಳಿಸಿದ ದಿನ. ಮೊದಲ ದಮ್ಮನ್ನು ಮನೆಯ ಯಜಮಾನನೇ ಎಳೆಯಬೇಕು, ಆಮೇಲೆ ಬಡಿಯಲು ಬಂದ ನೆಂಟರಿಷ್ಟರು.

"ಏನಯ್ಯಾ, ನಿನ್ನ ಮಾಲು ನಿನಗೇ ರುಚಿಸೋಲ್ವೇನು?" ಎಂದರು ಹಾಜಿ ಶಯೀಬ್, ಹದ್ದೂವಿನ ಅಪ್ಪನ ತಮ್ಮ.

"ಎದೇಲಿ ಕಫ, ಚಿಕ್ಕಪ್ಪ."

"ನಿಮ್ಮಪ್ಪಂಗೆ ಕಫ ಕಟ್ಟಿದ್ರೆ ಇನ್ನೆರಡು ಚಿಲುಮೆ ಜಾಸ್ತಿ ಸೇದ್ತಿದ್ದ."

ಯಾರೂ ನಗಲಿಲ್ಲ. ಮೂಲೆಯಲ್ಲಿ ಕೂತಿದ್ದವನೊಬ್ಬ ಗಂಟಲು ಸರಿಮಾಡಿಕೊಂಡ. "ಪಟ್ಟಣದಲ್ಲಿ ಠಾಣೆ ಬೀದೀಲಿ ಹದ್ದೂನ ಕಂಡೆ ಅಂತ ನನ್ನ ಭಾವಮೈದ ಹೇಳ್ತಿದ್ದ. ಒಂದಲ್ಲ, ಎರಡು ಸಲ."

ಹಾಗಾದರೆ ವಿಷಯ ಇದು. ಬೇಸಿಗೆಯಲ್ಲಿ ಪೊಲೀಸರು ಪಕ್ಕದ ಹಳ್ಳಿಯ ಇಬ್ಬರನ್ನು ಎಳೆದೊಯ್ದಿದ್ದರು. ಯಾರು ಬಾಯಿ ಬಿಟ್ಟರೋ ಗೊತ್ತಾಗಿರಲಿಲ್ಲ. ಈಗ ಎಲ್ಲರ ಕಣ್ಣೂ ಹದ್ದೂವಿನ ಮೇಲಿತ್ತು. ಚಾಡಿಕೋರ ಅನ್ನುವ ಹೆಸರು ಒಮ್ಮೆ ಅಂಟಿದರೆ ಮುಗಿಯಿತು. ಹೊಲಕ್ಕೆ ನೀರಿನ ಸರದಿ ತಪ್ಪುತ್ತದೆ, ಸತ್ತರೆ ಹೆಣ ಹೊರಲು ಹೆಗಲು ಸಿಗುವುದಿಲ್ಲ.

ಠಾಣೆ ಬೀದಿಗೆ ಹದ್ದೂ ಹೋಗಿದ್ದು ನಿಜ. ಅದೇ ಬೀದಿಯಲ್ಲಿ ಮಕ್ಕಳಾಗದವರನ್ನು ನೋಡುವ ಡಾಕ್ಟರೂ ಇದ್ದರು. ಕಿಫ್ ಸೇದಿ ಸೇದಿ ವೀರ್ಯಾಣು ಸೊರಗಿರಬಹುದು, ಇರುವುದೇ ಅಷ್ಟಿಷ್ಟು, ಅದೂ ಚಲಿಸುತ್ತಿಲ್ಲ, ಮೂರು ತಿಂಗಳು ಒಂದು ದಮ್ಮೂ ಎಳೆಯದೆ ಬಂದರೆ ಮತ್ತೆ ಪರೀಕ್ಷಿಸೋಣ ಅಂದಿದ್ದರು. ಎರಡು ತಿಂಗಳು ಹೇಗೋ ಊರವರ ಕಣ್ಣು ತಪ್ಪಿಸಿದ್ದ, ಇನ್ನೊಂದು ಬಾಕಿಯಿತ್ತು. ಒಂದು ಎಳೆದರೆ ಹತ್ತು ಎಳೆಯುವ ಆಸಾಮಿ ತಾನು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇದನ್ನು ಹೇಳುವುದು ಯಾವ ಬಾಯಲ್ಲಿ? ಹೆಂಡತಿಗೂ ಹೇಳಿರಲಿಲ್ಲ. ಮದುವೆಯಾದಾಗಿನಿಂದ ಊರು ಮೀಮೂಂತಳನ್ನೇ ಬಂಜೆ ಅನ್ನುತ್ತಿತ್ತು. ಈ ಪುಣ್ಯಾತ್ಮ ಕೇಳಿಸಿಕೊಂಡು ಸುಮ್ಮನಿದ್ದ.

ಹಾಜಿ ಚಿಲುಮೆಯನ್ನು ವಾಪಸು ತೆಗೆದುಕೊಂಡು ಅವನ ತುಟಿಯ ಹತ್ತಿರವೇ ಹಿಡಿದರು. "ಎಳಿ ಮಗನೇ. ಒಂದೇ ಒಂದು. ನೀನು ನಮ್ಮವನೇ ಅಂತ ನಮ್ಮ ಮನಸ್ಸಿಗೂ ಸಮಾಧಾನ ಆಗ್ಲಿ."

ಹದ್ದೂವಿನ ಕೈ ಮೇಲೆದ್ದಿತು.

"ಬೇಡ ಹಾಜಿ." ಚಹಾದ ತಟ್ಟೆ ಹಿಡಿದು ಮೀಮೂಂತ್ ಬಾಗಿಲಲ್ಲಿ ನಿಂತಿದ್ದಳು. "ಆ ಹೊಗೆ ಅವನ ಬಾಯಿಂದ ಬಂದ್ರೆ ನನಗೆ ವಾಂತಿ ಬರ್ತದೆ. ಅದಕ್ಕೇ ನಾನೇ ಬಿಡಿಸಿದ್ದು. ನಾನೀಗ ಬಸುರಿ."

ಗಂಡಸರೆಲ್ಲ ನೆಲ ನೋಡಿದರು. ಮಾನ ಇರುವ ಹೆಂಗಸು ತುಂಬಿದ ಕೋಣೆಯಲ್ಲಿ ಇಂಥ ಮಾತನ್ನು ಸುಮ್ಮಸುಮ್ಮನೆ ಆಡುತ್ತಾಳೆಯೇ? ಹಾಜಿ ಕಿವಿಯವರೆಗೂ ಕೆಂಪಾದರು. ಆಮೇಲೆ ಹದ್ದೂವಿನ ಬೆನ್ನಿಗೊಂದು ಗುದ್ದಿದರು.

"ಲೇ ಕತ್ತೆ! ಹೆಂಡತಿಗೆ ಹೆದರಿ ಬಿಟ್ಟೆ ಅಂತ ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ?"

ನಗು ಎದ್ದಿತು. ಪುದೀನಾ ಚಹಾ ಕುಡಿದು, ರೊಟ್ಟಿ ಮುರಿದು ತಿಂದು, ಗಂಡು ಮಗುವೇ ಆಗಲಿ ಎಂದು ಹರಸಿ ಎಲ್ಲರೂ ಎದ್ದುಹೋದರು. ಹದ್ದೂ ಮಾತ್ರ ನಗಲಿಲ್ಲ. ಅವನ ತಲೆಯೊಳಗೆ ಈಗ ಬೇರೆ ಹುಳ ಹೊಕ್ಕಿತ್ತು. ಬೇಸಿಗೆಯಲ್ಲಿ ಬಾವಿ ತೋಡಲು ಬಂದಿದ್ದವನ ಮುಖ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಗೊಬ್ಬರದ ಲಾರಿಯವನ ಮುಖ. ತನ್ನನ್ನು ಅನುಮಾನಿಸಿದವರ ಮೇಲೆ ಹಲ್ಲು ಕಡಿಯುತ್ತಿದ್ದವನು ಕ್ಷಣದಲ್ಲಿ ಅವರನ್ನೂ ಮೀರಿಸಿದ.

"ಯಾರದು?" ಎಂದ.

"ಯಾವುದು?"

"ಹೊಟ್ಟೇಲಿರೋದು. ನಂದಲ್ಲ ಅಂತ ನಂಗೊತ್ತು. ನನ್ನ ಕೈಲಿ ಆಗೋದಿಲ್ಲ ಅಂತ ಡಾಕ್ಟ್ರೇ..." ಹದ್ದೂ ನಾಲಿಗೆ ಕಚ್ಚಿಕೊಂಡ. ಇಡೀ ಊರು ಹೆದರಿಸಿದರೂ ಹೊರಬೀಳದ ಮಾತು ಹೆಂಡತಿಯ ಮೇಲಿನ ಸಿಟ್ಟಿಗೆ ಹೊರಬಿದ್ದಿತ್ತು.

ಮೀಮೂಂತ್ ಅವನನ್ನೇ ನೋಡಿದಳು. "ಅಂತೂ ಬಾಯಿ ಬಿಟ್ಟೆಯಲ್ಲ. ನನ್ನ ಹೊಟ್ಟೇಲಿ ಬೆಳಿಗ್ಗೆ ಕುಡಿದ ಗಂಜಿ ಬಿಟ್ರೆ ಏನೂ ಇಲ್ಲ. ಆ ಡಾಕ್ಟ್ರ ಹತ್ರ ನಿನಗಿಂತ ಮುಂಚೆ ನಾನು ಹೋಗಿದ್ದೆ, ನಮ್ಮಕ್ಕನ ಜೊತೆ. ನಿನ್ನಲ್ಲಿ ಏನೂ ದೋಷ ಇಲ್ಲಮ್ಮ, ಗಂಡನ್ನ ಕಳ್ಸು, ಕಿಫ್ ಬಿಡ್ಬೇಕಾಗಬಹುದು ಅಂದ್ರು. ನಿಂಗೆ ಹೇಳಿದ್ರೆ ಹೋಗ್ತಿದ್ದೆಯಾ? ಚಿಲುಮೆ ಬಿಟ್ಟಾಗ್ಲೇ ತಿಳೀತು, ನೀನಾಗೇ ಹೋಗಿ ಬಂದಿದ್ದೀಯ ಅಂತ."

ಹದ್ದೂ ನಾಚಿಕೆಯಿಂದ ಕೂತಲ್ಲೇ ಕುಗ್ಗಿಹೋದ. ಅದರ ಬೆನ್ನಿಗೇ ಮತ್ತೆ ಹೆದರಿಕೆ. "ಹಾಜಿ ದಿನಾ ನಿನ್ನ ಹೊಟ್ಟೆ ನೋಡ್ತಾನೆ. ನಾಳೆ ಏನೂ ಬೆಳೀದಿದ್ರೆ?"

"ಮಗು ಬೆಳೆಯದೆ ಹೊಟ್ಟೇಲೇ ಮಲಗಿಬಿಟ್ಟಿದೆ ಅಂತೀನಿ. ನಿನ್ನ ಸೋದರತ್ತೆ ಹೊಟ್ಟೇಲಿ ನಾಲ್ಕು ವರ್ಷ ಮಗು ನಿದ್ದೆ ಮಾಡಿತ್ತು ಅಂತ ಊರೆಲ್ಲ ಒಪ್ಪಲಿಲ್ವಾ? ಎದ್ದು ಹುಟ್ಟಿದಾಗ ಈ ಹಾಜಿನೇ ಕುರಿ ಕೊಯ್ದು ಹಂಚಿದ್ನಲ್ಲ."

"ನಂಬ್ತಾರಾ?"

ಮೀಮೂಂತ್ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿದಳು.

"ಮಗು ಹೊಟ್ಟೇಲಿ ನಾಲ್ಕು ವರ್ಷ ಮಲಗ್ತದೆ ಅಂದ್ರೆ ನಂಬ್ತಾರೆ. ಗಂಡಸು ನಾಲ್ಕು ದಿನ ಚಿಲುಮೆ ಬಿಟ್ಟ ಅಂದ್ರೆ ಮಾತ್ರ ನಂಬೋದಿಲ್ಲ."