ವಾಸನೆಯಿಲ್ಲದ ಗಂಜಿ

ತಂಗಿ ಗಾಜಿನ ಸೀಸೆಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅಣ್ಣನ ಟೀ ಲೋಟ ಒಮ್ಮೆ ನಡುಗಿತು. ಸೀಸೆಯ ತಳದಲ್ಲಿ ಹಳದಿ ಕಾಳುಗಳು, ಸಾಸಿವೆಗಿಂತಲೂ ಸಣ್ಣವು, ಏನೂ ಆಗಿಲ್ಲವೆಂಬಂತೆ ಕೂತಿದ್ದವು.

"ಏನಿದು?" ಅಂದ ಅಣ್ಣ.

"ನೀನೇ ಹೇಳು. ಕರುಳಿನಲ್ಲಿರೋ ರಸಗಳನ್ನೆಲ್ಲ ಬೆರೆಸಿ, ಮೈಯಷ್ಟೇ ಬೆಚ್ಚಗಿಟ್ಟು, ಬೆಳಗ್ಗೆಯಿಂದ ಅಲ್ಲಾಡಿಸ್ತಾ ಇದೀನಿ. ಒಂದು ಕಾಳೂ ಒಡೆದಿಲ್ಲ. ನಾನು ಹೆರಿಗೆಗೆ ಹೋದಾಗ ಇದಕ್ಕೆ ಏನು ಬಳಿಸಿದೆ?"

ಅಣ್ಣ ಲೋಟ ಎತ್ತಿ ಒಂದು ಗುಟುಕು ಕುಡಿದ. ಬೇಡದ ಪ್ರಶ್ನೆ ಎದುರಾದಾಗಲೆಲ್ಲ ಅವನಿಗೆ ಬಾಯಾರಿಕೆಯಾಗುತ್ತಿತ್ತು. "ಮೇಣ," ಅಂದ ಕೊನೆಗೆ. "ತೆಳ್ಳಗೆ ಒಂದು ಪದರ. ತಿನ್ನೋ ಪದಾರ್ಥಕ್ಕೆ ಹಾಕೋ ಮೇಣವೇ. ಅದಕ್ಯಾಕೆ ಹೀಗೆ ಮೈಮೇಲೆ ಬರ್ತೀಯ?"

ಅಣ್ಣ ನಡೆಸುವ ಗಂಜಿಪುಡಿಯ ಕಾರ್ಖಾನೆಯಲ್ಲಿ ಆ ಕಾಳು ಅವಳ ಕೈಯ ಕೆಲಸ. ಇರುಳುಗುರುಡಿನ ಮಕ್ಕಳಿಗೆ ಬೇಕಾದ ಜೀವಸತ್ವ ನೀರಿನಲ್ಲಿ ಕರಗುವುದಿಲ್ಲ. ಅದರ ವಾಸ ಮೀನೆಣ್ಣೆಯಲ್ಲಿ. ಆ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಸುತ್ತ ಪೊರೆ ಕಟ್ಟಿ, ಕಾಳಾಗಿ ಒಣಗಿಸಿ ಗಂಜಿಯ ಪುಡಿಗೆ ಸೇರಿಸುವುದನ್ನು ಅವಳು ಎಷ್ಟೋ ಸಲ ಸೋತು ಕಲಿತಿದ್ದಳು. ಪೊರೆ ಕರುಳಿನಲ್ಲಿ ಬಿಚ್ಚಿಕೊಳ್ಳಬೇಕು. ಆದರೆ ಬಿಸಿ ಗಂಜಿಯಲ್ಲೇ ಕೆಲವು ಬಿಚ್ಚಿ, ಪಾತ್ರೆಯಿಂದ ಮೀನಿನ ವಾಸನೆ ಏಳುತ್ತಿತ್ತು.

"ನಿನ್ನ ಪುಡಿ ಅಂದ್ರೆ ಮಕ್ಕಳು ಮೂಗು ಮುಚ್ಕೊಂಡು ಓಡ್ತಿದ್ರು ಕಣೇ," ಅಂದ ಅಣ್ಣ. "ಅದನ್ನ ಮೆಚ್ಚಿಕೊಂಡಿದ್ದು ನಮ್ಮ ಗೋಡೌನಿನ ಬೆಕ್ಕೊಂದೇ. ಈಗ ನೋಡು, ಉಗುಳೋರೇ ಇಲ್ಲ."

"ತಿಂದದ್ದು ಮೈಗೆ ಹತ್ತಬೇಕಲ್ಲ! ಇದು ಬಾಯಲ್ಲಿ ಹೇಗೆ ಹೋಗುತ್ತೋ ಹಾಗೇ ಹೊರಗೆ ಬರುತ್ತೆ. ಮಕ್ಕಳಿಗೆ ಮರಳು ನುಂಗಿಸ್ತಾ ಇದೀಯ."

"ಚೀಲದ ಮೇಲೆ ಏನು ಬರೆದಿದೀವೋ ಅದೆಲ್ಲ ಇದೆ. ಯಾರು ಬೇಕಾದ್ರೂ ಪರೀಕ್ಷೆ ಮಾಡ್ಕೊಳ್ಳಲಿ."

"ಚೀಲದೊಳಗಿದೆ, ಅಣ್ಣ. ಮಗುವಿನೊಳಗೆ ಇಲ್ಲ. ಆ ಮೇಣ ಇವತ್ತೇ ನಿಲ್ಲಬೇಕು."

"ನಿಲ್ಲಿಸಿದ್ರೆ ಮತ್ತೆ ಉಗುಳ್ತಾರೆ." ಅವನು ಎದ್ದು ಕೋಟು ಹಾಕಿಕೊಂಡ. "ನಡಿ. ನಿನ್ನ ಸೀಸೆ ನೋಡಿದ್ದಾಯ್ತು. ಈಗ ತಿನ್ನೋ ಮಕ್ಕಳನ್ನ ನೋಡು ಬಾ."

ಅವರ ಗಂಜಿ ಹೋಗುವ ಶಿಶುಕೇಂದ್ರದತ್ತ ಕಾರು ಹೊರಟಿತು. ತೊಡೆಯ ಮೇಲಿನ ಸೀಸೆಯನ್ನು ಅವಳು ಬಿಗಿಯಾಗಿ ಹಿಡಿದಿದ್ದಳು. ಮೇಣಕ್ಕಿಂತ ಹೆಚ್ಚಾಗಿ ಅವಳನ್ನು ಸುಡುತ್ತಿದ್ದದ್ದು ಇನ್ನೊಂದು. ಬಾಣಂತಿಯನ್ನು ನೋಡಲು ವಾರವಾರವೂ ಬರುತ್ತಿದ್ದ ಅಣ್ಣ ಕೂಸನ್ನು ಎದೆಗೊರಗಿಸಿಕೊಂಡು ಹೇಳುತ್ತಿದ್ದ: "ಕೆಲಸದ ಚಿಂತೆ ಬಿಡು, ನಿನ್ನ ಗಂಜಿ ಈಗ ಮಕ್ಕಳಿಗೆ ಹಿಡಿಸಿಬಿಟ್ಟಿದೆ." ಅವಳು ಹಿಗ್ಗಿದ್ದಳು. ಹೇಗೆ ಹಿಡಿಸಿತು ಎಂದು ಅವಳೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಶಿಶುಕೇಂದ್ರದಲ್ಲಿ ಸಂಜೆಯ ಗಂಜಿಯ ಹೊತ್ತು. ಉದ್ದನೆಯ ಕೋಣೆ, ಎದುರುಬದುರು ಬೆಂಚುಗಳು, ಒಂದೇ ಕಿಟಕಿ. ಅಣ್ಣ ಕೋಟು ಬಿಚ್ಚಿ ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿ, ಆಯಾಳ ಕೈಯಿಂದ ಸೌಟು ತೆಗೆದುಕೊಂಡು ತಾನೇ ಬಡಿಸಿದ. "ಬಟ್ಟಲು ಖಾಲಿ ಆಗ್ಬೇಕು! ಇನ್ನೂ ಬೇಕು ಅನ್ನೋರು ಮಾಮನ ಹತ್ರ ಬಂದು ಕೇಳ್ಬೇಕು, ಆಯ್ತಾ?" ಮಕ್ಕಳು ಕಿಸಕ್ಕನೆ ನಕ್ಕವು. ಅವನ ಅಕ್ಕರೆ ನಾಟಕವಾಗಿರಲಿಲ್ಲ. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ.

"ಮೊದಲೆಲ್ಲ ತುತ್ತುತುತ್ತಿಗೂ ಯುದ್ಧ ಮೇಡಂ," ಅಂದಳು ಆಯಾ. "ಈಗ ಬಟ್ಟಲು ತೊಳೆಯೋ ಕೆಲಸಾನೂ ಅವೇ ಮುಗಿಸಿಬಿಡ್ತವೆ."

"ಕೇಳಿಸ್ತಾ?" ಅಣ್ಣ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಅವಳ ಬಳಿಗೆ ಬಂದು ನಿಂತ. ಗೆದ್ದವನ ನಿಲುವು.

ಕಿಟಕಿಯ ಬೆಳಕು ಸಣ್ಣಗಾಯಿತು. ಆಯಾ ದೀಪದ ಸ್ವಿಚ್ಚಿಗೆ ಕೈ ಹಾಕಿದಳು. ತಂಗಿ ಆ ಕೈಯನ್ನು ಹಿಡಿದಳು.

"ಬೇಡ."

"ಮಬ್ಬಾಯ್ತಲ್ಲ ಮೇಡಂ, ಮಕ್ಕಳು ತಡಕಾಡ್ತವೆ."

"ಅದಕ್ಕೇ. ಒಂದು ಗಳಿಗೆ ಹೀಗೇ ಇರಲಿ. ಅಣ್ಣ ನೋಡಲಿ." ದನಿ ಏರಿರಲಿಲ್ಲ. ಆದರೂ ಆಯಾ ಕೈ ಹಿಂದಕ್ಕೆಳೆದುಕೊಂಡಳು.

ದೊಡ್ಡವರ ಕಣ್ಣಿಗೆ ಅದು ಕತ್ತಲೆಯೇ ಅಲ್ಲ. ಪಾತ್ರೆಯ ಅಂಚು, ಅಣ್ಣನ ಗಂಟಿಕ್ಕಿದ ಹುಬ್ಬು, ಸುಣ್ಣದ ಗೋಡೆಯ ಮೇಲೆ ಕಪ್ಪಗೆ ತೂಗುತ್ತಿದ್ದ ಕೋಟಿನ ಗುಂಡಿಗಳು ಕೂಡ ತಂಗಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಆದರೆ ಇಷ್ಟು ಹೊತ್ತು ಕಿಚಪಿಚ ಎನ್ನುತ್ತಿದ್ದ ಮಕ್ಕಳು ಒಂದೊಂದಾಗಿ ಸುಮ್ಮನಾದವು. ಚಮಚೆಗಳ ಸದ್ದೂ ನಿಂತಿತು.

ತುದಿ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಮೆಲ್ಲಗೆ ಇಳಿದಳು. ಒಂದು ಕೈಯಲ್ಲಿ ಬಟ್ಟಲನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಗೋಡೆ ಸವರುತ್ತ, ಪಾದದಿಂದ ನೆಲ ಮುಟ್ಟಿ ನೋಡುತ್ತ ಬಂದಳು. ಅಣ್ಣನ ಮುಂದೆಯೇ ಹಾದುಹೋದಳು. ಅವನು ಕೈ ಚಾಚಿದ್ದರೆ ಅವಳ ಜಡೆ ಸಿಗುತ್ತಿತ್ತು. ಬಾಗಿಲ ಬಳಿ ಗೂಟದ ಕೋಟಿನ ಎದುರು ನಿಂತು, ನೆಕ್ಕಿ ಬೆಳ್ಳಗಾಗಿದ್ದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಳು.

"ಮಾಮಾ, ಇನ್ನೂ ಸ್ವಲ್ಪ ಹಾಕಿ."

ಉತ್ತರ ಬರದಿದ್ದಾಗ, ಬಟ್ಟಲನ್ನು ಇನ್ನಷ್ಟು ಮೇಲಕ್ಕೆತ್ತಿದಳು.