ಕಲ್ಲಿಗೆ ಕುಡಿಸಿದ ಎಣ್ಣೆ

ಗುಂಡ್ಲುಪೇಟೆಯವರ ಕಮಾನು ಗಾಡಿ ಬೀದಿಯ ತಿರುವಿನಲ್ಲಿ ಕಾಣಿಸುವ ಹೊತ್ತಿಗೆ ಮರಿಮಲ್ಲಪ್ಪನವರು ನಡುಮನೆಯ ನೆಲಕ್ಕೆ ಹರಳೆಣ್ಣೆ ತಿಕ್ಕಿ ಮುಗಿಸಿದ್ದರು. ಹೆಣ್ಣು ನೋಡಲು ಬರುವವರು ಹೆಣ್ಣಿಗಿಂತ ಮೊದಲು ನೆಲ ನೋಡಲಿ ಎಂಬುದು ಅವರ ಆಸೆ. ಇರಬೇಕಾದ್ದೇ. ಹರದನಹಳ್ಳಿಯಲ್ಲಿ ಮಿಕ್ಕವರ ಮನೆಗೆಲ್ಲ ಸಗಣಿ ಸಾರಿಸಿದ ನೆಲ. ಇವರ ಮನೆಗೆ ಮಾತ್ರ ರೈಲಿನಲ್ಲಿ ಬಂದ ಕರಿಯ ಕಡಪ ಕಲ್ಲು. ಎಣ್ಣೆ ಕುಡಿಸಿದರೆ ಕಪ್ಪು ಏರುತ್ತದೆ ಎಂದು ಹಾಸಿದವನು ಹೇಳಿ ಹೋಗಿದ್ದ. ವರ್ಷಕ್ಕೊಮ್ಮೆ ಒಂದು ತೊಟ್ಟು ಎಂದಿದ್ದನೋ ಏನೋ, ಇವರು ಸೋಮವಾರ ಸೋಮವಾರ ಕುಡಿಸಿದರು. ಕಲ್ಲಿಗೇನು ಹೊಟ್ಟೆಯೇ? ಹಿಡಿಸುವಷ್ಟು ಕುಡಿದು ಮಿಕ್ಕದ್ದನ್ನು ಮೈಮೇಲೇ ಇಟ್ಟುಕೊಂಡಿತು. ಮುಖ ನೋಡಿಕೊಳ್ಳಬಹುದಾದ ನೆಲವಾಯಿತು. ಕಾಲಿಡಲಾಗದ ನೆಲವೂ ಆಯಿತು. ಮರಿಮಲ್ಲಪ್ಪನವರೇ ಅದರ ಮೇಲೆ ನಡೆಯುವಾಗ ಒಂದು ಕೈ ಗೋಡೆಯ ಮೇಲಿರುತ್ತಿತ್ತು. ಕೇಳಿದರೆ ಮಂಡಿನೋವು ಎನ್ನುತ್ತಿದ್ದರು.

ಇದರ ಪಾಪ ಬಂದು ಸುತ್ತಿಕೊಂಡದ್ದು ಮಗಳು ಚಂದ್ರಮತಿಗೆ. ಹಿಂದಿನ ಸುಗ್ಗಿಯಲ್ಲಿ ಚಂದಕವಾಡಿಯಿಂದ ಬಂದವರು ವಾಡಿಕೆಯಂತೆ ಹುಡುಗಿ ಒಮ್ಮೆ ನಡೆಯಲಿ ಎಂದಿದ್ದರು. ಎಲ್ಲಿ ಬೀಳುತ್ತೇನೋ ಎಂಬ ಭಯದಲ್ಲಿ ಅವಳು ಬೆರಳೂರಿ ಬೆರಳೂರಿ ನಡೆದಳು. ಅವರು ಉಪ್ಪಿಟ್ಟು ತಿಂದು ಹೋಗಿ, ಹುಡುಗಿ ಕಾಲೆಳೆಯುತ್ತಾಳೆ ಎಂದು ಹೇಳಿ ಕಳಿಸಿದರು. ಮಾತು ಹೋಬಳಿಯೆಲ್ಲ ಸುತ್ತಿತು. ತುಂಬಿದ ಕೊಡ ಹೊತ್ತು ಬಾವಿಯಿಂದ ಓಡುನಡಿಗೆಯಲ್ಲಿ ಬರುವ ಹುಡುಗಿ ಜನರ ಬಾಯಲ್ಲಿ ಕುಂಟಿಯಾಗಿಬಿಟ್ಟಳು. ತಾಯಿ ಶಾಂತಮಲ್ಲಮ್ಮ ತಡೆಯಲಾರದೆ ಒಂದು ಮೂಲೆಯ ಎಣ್ಣೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದರು. ಹಿತ್ತಾಳೆ ಬೆಳಗುವ ಹುಳಿ ಕಡಪ ಕಲ್ಲನ್ನು ಬೆಳಗೀತೆ? ಹೊಳಪು ತಿಂದು ಬಿಳಿಯ ಕಲೆ ಮಾಡಿತು. ಆ ಕಲೆಯ ಮೇಲೆ ಈಗ ಚಾಪೆ. ಅಂದಿನಿಂದ ನೆಲಕ್ಕೆ ಯಾರೂ ಕೈ ಹಚ್ಚಕೂಡದೆಂದು ಯಜಮಾನರ ಕಟ್ಟಪ್ಪಣೆ.

ವರನ ಅಜ್ಜಿ ಚಿಕ್ಕಮಲ್ಲಮ್ಮ ಹೊಸ್ತಿಲಲ್ಲೇ ನಿಂತು, ನೀರು ಚೆಲ್ಲಿದೆಯೆಂದುಕೊಂಡು ಸೀರೆಯ ನೆರಿಗೆ ಎತ್ತಿ ಹಿಡಿದರು. ಮರಿಮಲ್ಲಪ್ಪನವರಿಗೆ ಹಿಗ್ಗೋ ಹಿಗ್ಗು. ನೀರಲ್ಲ, ಹೊಳಪು ಎಂದು ವಿವರಿಸಿದರು. ಶಾಂತಮಲ್ಲಮ್ಮ ಕೈಹಿಡಿದು ನಡೆಸಿ ಚಾಪೆಯ ಮೇಲೆ ಕೂರಿಸಿದರು. ಮಗ್ಗುಲಲ್ಲಿ ವರ ಗಂಗಾಧರಸ್ವಾಮಿ, ನೆಲದಲ್ಲಿ ಕಂಡ ತನ್ನ ಮೀಸೆಯನ್ನೇ ತಿದ್ದಿಕೊಳ್ಳುತ್ತ ಕೂತ. ಮಳೆ ಬೆಳೆಯ ಮಾತು, ಎತ್ತಿನ ಮಾತು ಮುಗಿದವು. ಅಡಿಗೆಮನೆಯ ಬಾಗಿಲಲ್ಲಿ ಚಂದ್ರಮತಿ ಬಂದು ನಿಂತಳು. ಹುಡುಗ ತಲೆಯೆತ್ತಿದ. ಮುಖ ಅವಳಿಗೆ ಹಿಡಿಸಿತು. ಹಿಡಿಸಿದ್ದರಿಂದಲೇ ಜಾರುವ ಭಯ ಹೆಚ್ಚಿತು.

"ಒಸಿ ಇಲ್ಲೀಗಂಟ ನಡ್ಕಂಡ್ ಬಾ ಕೂಸೆ," ಎಂದರು ಅಜ್ಜಿ.

ಒಂದು ಹೆಜ್ಜೆ ಇಟ್ಟಳು. ಹಿಮ್ಮಡಿ ಜಾರಿತು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಜ್ಜಿಯ ಕಣ್ಣು ಸೀದಾ ಅವಳ ಪಾದಕ್ಕಿಳಿಯಿತು. ಚಂದಕವಾಡಿಯ ಮಾತು ಗುಂಡ್ಲುಪೇಟೆಗೂ ಮುಟ್ಟಿದೆ ಎಂದು ಅವಳಿಗೆ ತಿಳಿದುಹೋಯಿತು. ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಸರ್ರನೆ ತಿರುಗಿ ಒಳಗೆ ಹೋಗಿಬಿಟ್ಟಳು. ಈ ಸಂಬಂಧವೂ ಕೈಬಿಟ್ಟಿತು ಎಂದು ಶಾಂತಮಲ್ಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು.

ಆದರೆ ಚಂದ್ರಮತಿ ಮತ್ತೆ ಬಂದಳು. ಒಂದು ಕೈಯಲ್ಲಿ ಮೊರದ ತುಂಬ ರಾಗಿಹಿಟ್ಟು, ಇನ್ನೊಂದರಲ್ಲಿ ಗೋಣಿತಾಟು. ಬೀಸುವ ಕಲ್ಲಿನ ಮಗ್ಗುಲಲ್ಲಿ ದೀಪದೆಣ್ಣೆ ಚೆಲ್ಲಿದಾಗ ಉದುರಿದ್ದ ಹಿಟ್ಟು ಅದನ್ನೆಲ್ಲ ಹೀರಿಕೊಂಡದ್ದನ್ನು ಅವಳು ಕಂಡಿದ್ದಳು. ಬಾಗಿಲಿನಿಂದ ಚಾಪೆಯವರೆಗೆ ಹಿಟ್ಟು ಉದುರಿಸಿ, ಮಂಡಿಯೂರಿ, ಹಿಂದೆ ಮುಂದೆ ನೋಡದೆ ತಿಕ್ಕತೊಡಗಿದಳು.

"ಏನವ್ವ ಇದು, ಬಂದೋರ್ ಮುಂದೆ?" ಮರಿಮಲ್ಲಪ್ಪನವರ ದನಿ ಇಳಿದುಹೋಗಿತ್ತು.

"ನಡಿ ಅಂದ್ರಲ್ಲಪ್ಪ. ದಾರಿ ಮಾಡ್ಕತಾವ್ನಿ."

ತಿನ್ನುವ ಹಿಟ್ಟನ್ನು ನೆಲಕ್ಕೆ ಸುರಿದೆಯಾ ಎಂದು ಅಜ್ಜಿ ಗದರಿದರು.

"ತಿನ್ನೋದಲ್ಲ ಅಜ್ಜಿ, ಉಳ ಬಿದ್ದುದ್ದು. ದನಕ್ಕೆ ಅಂತ ಮಡಗಿದ್ದೆ," ಎಂದಳು ಚಂದ್ರಮತಿ, ತಲೆಯೆತ್ತದೆ.

ಎಣ್ಣೆ ಕುಡಿದು ಮುದ್ದೆಗಟ್ಟಿದ ಹಿಟ್ಟನ್ನು ಬಳಿದು ತೆಗೆದು, ಹಿಂಡಿದ ಒದ್ದೆ ಬಟ್ಟೆಯಲ್ಲೊಮ್ಮೆ, ಒಣ ಬಟ್ಟೆಯಲ್ಲೊಮ್ಮೆ ಒರೆಸಿದಾಗ ಕಲ್ಲು ಮಿಂಚುವುದನ್ನು ಬಿಟ್ಟು ತಣ್ಣನೆಯ ಕಪ್ಪಿಗೆ ತಿರುಗಿತ್ತು. ಚಂದ್ರಮತಿ ಎದ್ದಳು. ಬಾವಿಯ ದಾರಿಯಲ್ಲಿ ನಡೆಯುವಂತೆ ಪಾದ ಪೂರ್ತಿ ಊರಿ ಅಜ್ಜಿಯ ಮುಂದಕ್ಕೆ ಬಂದಳು. ಬಾಗಿಲವರೆಗೆ ಹೋಗಿ, ಯಾರೂ ಕೇಳದಿದ್ದರೂ ಇನ್ನೊಂದು ಸಲ ನಡೆದುಬಂದಳು. ಗಂಗಾಧರಸ್ವಾಮಿ ಮೀಸೆಯ ಮೇಲಿನ ಕೈ ಬಿಟ್ಟು ನಕ್ಕ. ಅವಳಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಮೈ ಹಗುರಾಯಿತು.

ಚಿಕ್ಕಮಲ್ಲಮ್ಮ ಚಾಪೆಯ ಆಚೆಗೆ ಕೈ ಚಾಚಿ, ಇನ್ನೂ ಮಿಂಚುತ್ತಿದ್ದ ನೆಲವನ್ನು ಬೆರಳಲ್ಲಿ ಸವರಿ ಮೂಸಿದರು. ಆಮೇಲೆ, ಗೋಡೆಗೆ ಕೈಯೂರಿ ನಿಂತಿದ್ದ ಮರಿಮಲ್ಲಪ್ಪನವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಮೊರದಲ್ಲಿ ಇನ್ನೊಸಿ ಇಟ್ಟು ಅದಾ ಕೂಸೆ? ನಮ್ ಬೀಗ್ರ ಕಾಲ್ ಬುಡುಕೂ ಉದುರ್ಸು. ಪಾಪ, ಅವರೂ ಗ್ವಾಡೆ ಬುಟ್ಟು ನಡೀಲಿ."