ಮುಖ ಬೇಡ

ಪಾಳಿ ಮುಗಿಸಿ ಬಂದು ಧರಣಿ ಕೂರುತ್ತಿದ್ದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮುಖವನ್ನು ಪತ್ರಿಕಾ ಛಾಯಾಗ್ರಾಹಕಿ ಪಂಕಜಾ ಎಂದೂ ತೆಗೆಯುತ್ತಿರಲಿಲ್ಲ. ಪತ್ರಿಕೆಯಲ್ಲಿ ಮುಖ ಕಂಡರೆ ಮರುದಿನವೇ ಅವರ ಕೆಲಸ ಹೋಗುತ್ತಿತ್ತು. ಹಾಗಾಗಿ ಧರಣಿಯ ಟೆಂಟಿನಲ್ಲಿ ಅವರ ಹಿಂದೆ ನಿಂತು ಬರೀ ಬೆನ್ನುಗಳನ್ನು ತೆಗೆಯುತ್ತಿದ್ದಳು. "ಏನಮ್ಮಾ, ಧರಣಿ ಅಂದ್ರೆ ಬರೀ ಜಡೆ, ತುರುಬಾ?" ಎಂದು ಸಂಪಾದಕರು ಕೆಣಕಿದರೂ ಜಗ್ಗಲಿಲ್ಲ.

"ನನ್ನ ಜಡೆ ಚೆನ್ನಾಗಿ ಬರ್ಲಿ ಅಕ್ಕಾ, ಗಂಡಿನ ಕಡೆಯೋರಿಗೆ ಇದನ್ನೇ ಕಳಿಸ್ತೀನಿ," ಎಂದು ಅವರಲ್ಲೊಬ್ಬಳಾದ ಚಂದ್ರಕಲಾ ಎಲ್ಲರನ್ನೂ ನಗಿಸುತ್ತಿದ್ದಳು.

ಧರಣಿಯ ಇಪ್ಪತ್ತನೇ ದಿನ ಕಾರ್ಖಾನೆಯ ವ್ಯಾನು ಮಗುಚಿ ಚಂದ್ರಕಲಾ ಸತ್ತಳು. ವಾರ ಕಳೆದ ಮೇಲೆ ಅವಳ ತಾಯಿ ಪಂಕಜಾಳನ್ನು ಹುಡುಕಿಕೊಂಡು ಟೆಂಟಿಗೆ ಬಂದಳು.

"ನಾಡಿದ್ದು ತಿಥಿ ಕಣವ್ವ. ಗೋಡೆಗೆ ಹಾಕೋಕೆ ಮಗಳದ್ದೊಂದು ಪಟ ಇಲ್ಲ. ಫೋನು ಅವಳ ಜೊತೇಲೇ ಪುಡಿಯಾಯ್ತು. ಆಧಾರ್ ಕಾರ್ಡಲ್ಲಿ ಇನ್ನೂ ಏಳು ವರ್ಷದ ಕೂಸು. ನೀವು ದಿನಾ ತೆಗೀತಿದ್ರಂತಲ್ಲ?"

ಪಂಕಜಾ ಕ್ಯಾಮೆರಾದಲ್ಲಿ ಹುಡುಕಿದಳು. ಅರವತ್ತು ಚಿತ್ರಗಳಲ್ಲಿ ಚಂದ್ರಕಲಾ ಇದ್ದಳು. ಒಂದರಲ್ಲಾದರೂ ಹುಡುಗಿ ತಪ್ಪಿ ತಿರುಗಿ ನೋಡಿರಬಹುದೆಂದು ಕೊನೆಯವರೆಗೂ ಸರಿಸಿದಳು. ಆಮೇಲೆ ಮತ್ತೆ ಮೊದಲಿನಿಂದ.

"ಮುಖ ಇಲ್ಲಮ್ಮ. ನಾನೇ ತೆಗೀಲಿಲ್ಲ. ಅವಳ ಕೆಲಸ ಉಳೀಲಿ ಅಂತ..."

ತಾಯಿ ಬೈಯಲಿಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿದ್ದ ಬೆನ್ನನ್ನು ಬೆರಳಿನಿಂದ ಸವರಿದಳು.

"ನನ್ನ ಮಗಳೇ ಇವ್ಳು. ಇದನ್ನೇ ದೊಡ್ಡದು ಮಾಡಿಸಿಕೊಡಿ, ಹಾರ ಹಾಕ್ತೀನಿ."

ಪಂಕಜಾ ತಲೆಯಾಡಿಸಿದಳು. ಹೊರಡಲು ಎದ್ದ ತಾಯಿ ನಿಂತು, ಅವಳನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

"ಕುಂಕುಮ ಎಲ್ಲಿಗೆ ಇಡೋದವ್ವ?"